ಅತ್ತೆಯ ನೆಲಮಾಳಿಗೆಯ ಟ್ಯೂಬಾ

ಸೋಮವಾರ ಬೆಳಗ್ಗೆ ಏಳಕ್ಕೆ ಪಸಾವ್ ಊರಿನಿಂದ ಜೆನ್ಸಿ ಅತ್ತೆ ಫೋನು ಮಾಡಿ, "ಓಸ್ವಾಲ್ಟ್, ನೆಲಮಾಳಿಗೆಗೆ ನೀರು ಬಂದಿದೆ ಕಣೋ" ಅಂದಳು. ಅದಕ್ಕೆ ಅವಳ ಅಣ್ಣನ ಮಗ ಕೇಳಿದ ಮೊದಲ ಪ್ರಶ್ನೆ, "ಎಷ್ಟನೇ ಮೆಟ್ಟಿಲ ತನಕ?" ಎಂಬುದು. ಎಪ್ಪತ್ತೆಂಟು ವರ್ಷದ ಮುದುಕಿ ಹೇಗಿದ್ದಾಳೆ, ತಿಂಡಿ ತಿಂದಳೋ ಇಲ್ಲವೋ ಎಂದು ಅವನು ಕೇಳಲಿಲ್ಲ.

ಅವನನ್ನು ಬೈಯುವ ಮೊದಲು ಅವನ ಕಷ್ಟವನ್ನೂ ಕೇಳಿಬಿಡಿ. ಓಸ್ವಾಲ್ಟ್ ಬ್ರೂನರ್ ನ್ಯೂರೆಂಬರ್ಗಿನಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯವನು. ಟ್ರಾಮ್ ಓಡಿಸುತ್ತಾನೆ. ಹೆಂಡತಿಗೆ ಹೆದರುತ್ತಾನೆ, ನೆರೆಹೊರೆಯವರಿಗೆ ಇನ್ನೂ ಹೆಚ್ಚು ಹೆದರುತ್ತಾನೆ. ಇಂಥ ಸಾಧು ಪ್ರಾಣಿಗೆ ಇದ್ದದ್ದು ಒಂದೇ ಚಟ, ಟ್ಯೂಬಾ. ಹಂಡೆಯಷ್ಟು ಅಗಲ ಬಾಯಿಯ ಹಿತ್ತಾಳೆ ಕಹಳೆ ಅದು. ಊದಿದರೆ ಎರಡು ಮಹಡಿ ಕೆಳಗಿನ ಕಪ್ಪು ಬಸಿಗಳೂ ನಡುಗುತ್ತವೆ. ನಮ್ಮ ಕಟ್ಟಡದಲ್ಲೋ ಮಧ್ಯಾಹ್ನ ಒಂದರಿಂದ ಮೂರರವರೆಗೆ ನಿಶ್ಶಬ್ದದ ಹೊತ್ತು. ಗೋಡೆಗೆ ಒಂದು ಮೊಳೆ ಹೊಡೆದರೂ ಎರಡನೇ ಮಹಡಿಯ ಫ್ರೌ ಲಾಂಗ್, ಅಂದರೆ ಶ್ರೀಮತಿ ಲಾಂಗ್, ಬಂದು ಬಾಗಿಲು ತಟ್ಟುತ್ತಾರೆ. ಮೂರು ವರ್ಷದ ಹಿಂದೆ ಈ ಮಹಾರಾಯ ಮೈಮರೆತು ಎರಡೂವರೆಗೆ ಊದಿದ. ಸಂಜೆಯೇ ಸಭೆ ಸೇರಿತು. ಟ್ಯೂಬಾ ಮಾರಿಬಿಡುತ್ತೇನೆ, ಇನ್ನು ಅದು ಈ ಹೊಸ್ತಿಲು ದಾಟುವುದಿಲ್ಲ ಎಂದು ಓಸ್ವಾಲ್ಟ್ ಎಲ್ಲರೆದುರು ಬರೆದು ಸಹಿ ಹಾಕಿದ. ಅವನ ಹೆಂಡತಿ ರೋಸ್ವಿತಾ ಅವತ್ತು ಎಲ್ಲರಿಗೂ ಕಾಫಿ ಕೊಟ್ಟಳು.

ಅವನು ಅದನ್ನು ಮಾರಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಪಸಾವ್‌ಗೆ ಸಾಗಿಸಿ, ಅತ್ತೆಯ ನೆಲಮಾಳಿಗೆಯ ಮೇಲಿನ ಹಲಗೆಗೆ ಏರಿಸಿದ. ಎರಡು ವಾರಕ್ಕೊಂದು ಶನಿವಾರ "ಅತ್ತೆಯನ್ನ ನೋಡ್ಕೊಂಡು ಬರ್ತೀನಿ" ಎಂದು ರೈಲು ಹತ್ತುತ್ತಿದ್ದ. ಹೋಗಿ ಮಧ್ಯಾಹ್ನವಿಡೀ ಊದುತ್ತಿದ್ದ. ಅತ್ತೆಗೆ ಕಿವಿ ಸ್ವಲ್ಪ ಮಂದ. ಈ ಲೋಕದಲ್ಲಿ ನನಗೆ ಸರಿಯಾಗಿ ಕೇಳಿಸುವುದು ಟ್ಯೂಬಾ ಒಂದೇ ಎಂದು ಅವಳೂ ಖುಷಿಪಡುತ್ತಿದ್ದಳು. ಇತ್ತ ನಮ್ಮ ಕಟ್ಟಡದ ಹೆಂಗಸರು ತಮ್ಮ ಗಂಡುಮಕ್ಕಳಿಗೆ ಓಸ್ವಾಲ್ಟನನ್ನು ತೋರಿಸಿ, ನೋಡಿ ಕಲೀರಿ ಅನ್ನುತ್ತಿದ್ದರು.

ಹಾಗಾಗಿ ಆ ಸೋಮವಾರ ಪಸಾವ್‌ನ ನೆರೆಯ ಸುದ್ದಿ ತಿಳಿದು ಒಂಬತ್ತು ಗಂಟೆಗೆಲ್ಲ ಅವನ ಮನೆ ತುಂಬಿತು. ಅವನು ರಜೆ ಹಾಕಿ ಟೀವಿ ಮುಂದೆ ಕೂತಿದ್ದ. ಫ್ರೌ ಲಾಂಗ್ ಪ್ಲಮ್ ಕೇಕು ತಂದರು. ಎದುರು ಮನೆಯ ಹೆರ್ ಪ್ಲಾಂಕ್, ಅಂದರೆ ಶ್ರೀಯುತ ಪ್ಲಾಂಕ್, ಲ್ಯಾಪ್‌ಟಾಪ್ ತಂದರು. ನಿವೃತ್ತರಾಗುವ ತನಕ ನೀರು ಸರಬರಾಜಿನಲ್ಲಿದ್ದವರು, ಪಸಾವ್‌ನ ನೀರಿನ ಮಟ್ಟವನ್ನು ಕಾಲುಗಂಟೆಗೊಮ್ಮೆ ಓದಿ ಹೇಳುವ ಹೊಣೆ ಹೊತ್ತರು. ನಾನೂ ಒಂದು ಕುರ್ಚಿ ತಗೊಂಡು ಹೋದೆ.

"ಹತ್ತೂವರೆ ಮೀಟರ್. ಏರ್ತಾನೇ ಇದೆ," ಅಂದರು ಹೆರ್ ಪ್ಲಾಂಕ್.

ಓಸ್ವಾಲ್ಟ್ ಪಸಾವ್‌ಗೆ ಫೋನು ಮಾಡಿದ. ಅತ್ತೆಗೆ ಕೇಳಿಸಬೇಕಾದರೆ ಕೂಗಬೇಕು, ಕೂಗಿದರೆ ಇಡೀ ಕೋಣೆಗೆ ಕೇಳಿಸುತ್ತದೆ. "ಅತ್ತೇ, ಮೇಲಿನ ಹಲಗೇಲಿ ಇರೋದು ಹೇಗಿದೆ?"

"ಅಲ್ಲೇ ಇದೆ ಕಣೋ. ಕೆಳಗಿನ ಹಲಗೆ ಮುಳುಗ್ತು."

"ಏನದು ಮೇಲಿನ ಹಲಗೇಲಿ?" ಅಂದರು ಫ್ರೌ ಲಾಂಗ್.

"ಆಲೂಗಡ್ಡೆ," ಅಂದ ಓಸ್ವಾಲ್ಟ್, ಹಣೆ ಒರೆಸಿಕೊಳ್ಳುತ್ತಾ.

"ಪಾಪ, ಅತ್ತೆಯ ಆಲೂಗಡ್ಡೆಗೂ ಎಷ್ಟು ಸಂಕಟಪಡ್ತಾರೆ ನೋಡಿ," ಎಂದು ಫ್ರೌ ಲಾಂಗ್ ಅವನಿಗೆ ಇನ್ನೊಂದು ತುಂಡು ಕೇಕು ಹಾಕಿದರು.

ಹನ್ನೊಂದರ ಹೊತ್ತಿಗೆ ಟೀವಿಯವರು ಹೆಲಿಕಾಪ್ಟರಿನಿಂದ ತೆಗೆದ ಚಿತ್ರ ತೋರಿಸಿದರು. ಪಸಾವ್‌ನಲ್ಲಿ ಮೂರು ನದಿ ಸೇರುತ್ತವೆ. ಒಂದು ಕಪ್ಪಗೆ, ಒಂದು ನೀಲಿ, ಒಂದು ಹಸಿರು, ಬಣ್ಣ ಬೇರೆ ಬೇರೆಯಾಗಿಯೇ ಸ್ವಲ್ಪ ದೂರ ಹರಿಯುತ್ತವೆ. ಈಗ ಮೂರೂ ಇರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಒಂದೇ ಕೆಂಪು ನೀರು, ನಡುವೆ ಹಳೇ ಊರು ಹಡಗಿನ ಹಾಗೆ ನಿಂತಿತ್ತು. ಬೀದಿಯ ಹೆಸರಿನ ಫಲಕಗಳು ನೀರಿಗೆ ತಾಗಿಕೊಂಡಿದ್ದವು. ಒಂದು ಬೆಂಚು, ಒಂದು ಬಾಗಿಲು, ಆಮೇಲೆ ಯಾರದೋ ಇಡೀ ಅಂಗಡಿಯ ನಿಂಬೆಹಣ್ಣು ಸಾಲಾಗಿ ತೇಲಿ ಹೋದವು. ನೀರಿಗೆ ಅವಸರವೇ ಇರಲಿಲ್ಲ.

ಮತ್ತೆ ಫೋನು. ಅತ್ತೆ ಮೊದಲ ಮಹಡಿಯ ಕಿಟಕಿಯಲ್ಲಿ ಕೂತಿದ್ದಳಂತೆ. "ಐವತ್ನಾಲ್ಕರ ನೆರೆಯಲ್ಲಿ ನನಗೆ ಹತ್ತೊಂಬತ್ತು ಕಣೋ. ಪುರಭವನದ ಗೋಡೆ ಮೇಲೆ ಆ ವರ್ಷದ ಗೆರೆ ಇದೆಯಲ್ಲ, ಅದನ್ನ ದಾಟೋ ನೀರು ನನ್ನ ಕಾಲಕ್ಕೆ ಬರಲ್ಲ ಅಂದ್ಕೊಂಡಿದ್ದೆ. ಈಗ ಒಂದು ಗೇಣು ಬಾಕಿ. ಎಂಥ ಚಂದ ಇದೆ ಗೊತ್ತಾ, ಹೆದರಿಕೆ ಆಗೋ ಅಷ್ಟು ಚಂದ."

"ಅತ್ತೇ, ಮೇಲಿನ ಹಲಗೆ?" ಅಂದ ಓಸ್ವಾಲ್ಟ್.

ಮಧ್ಯಾಹ್ನ ಒಂದು ಗಂಟೆಯಾಯಿತು. ಫ್ರೌ ಲಾಂಗ್ ಎದ್ದು ಹೋಗಿ ಟೀವಿಯ ದನಿ ತಗ್ಗಿಸಿ ಬಂದು ಕೂತರು. ನಿಶ್ಶಬ್ದದ ಹೊತ್ತಲ್ಲವೇ, ಪ್ರಳಯವಾದರೂ ಪಿಸುಮಾತಿನಲ್ಲೇ ಆಗಬೇಕು. ಒಂದು ಇಪ್ಪತ್ತಕ್ಕೆ ಹೆರ್ ಪ್ಲಾಂಕ್ ಕನ್ನಡಕ ತೆಗೆದರು. "ಐವತ್ನಾಲ್ಕರ ಗೆರೆ ದಾಟ್ತು," ಎಂದು ಮೆಲ್ಲಗೆ ಹೇಳಿದರು. "ಇದಕ್ಕಿಂತ ಮೇಲೆ ಬಂದಿದ್ದು ಐನೂರು ವರ್ಷದ ಹಿಂದೆ."

ಆಗ ಫ್ರೌ ಲಾಂಗ್ ತಾವಾಗಿಯೇ ಎದ್ದು ದನಿ ಪೂರ್ತಿ ಏರಿಸಿದರು. "ನಿಯಮ ಬರೆದೋರು ಇದನ್ನ ಕಂಡಿರ್ಲಿಲ್ಲ," ಅಂದರು. ಇಪ್ಪತ್ತು ವರ್ಷದಲ್ಲಿ ನಾನು ಅಂಥದ್ದು ನೋಡಿರಲಿಲ್ಲ.

ಅದೇ ಹೊತ್ತಿಗೆ ಅತ್ತೆಯೇ ಫೋನು ಮಾಡಿದಳು. "ಓಸ್ವಾಲ್ಟ್, ಫೋನಲ್ಲಿ ಚಾರ್ಜು ಮುಗೀತಾ ಬಂತು. ನೀನು ಕೇಳ್ತಾ ಇದ್ದೆಯಲ್ಲ, ಅದು ಮೆಟ್ಟಿಲು ಹತ್ತಿ ತಾನೇ ಬಂದುಬಿಟ್ಟಿದೆ ಕಣೋ. ಪೆಟ್ಟಿಗೆ ಸಮೇತ ಕೆಳಗಿನ ನಡುಮನೇಲಿ ತೇಲ್ತಾ ಇದೆ, ಬೀದಿ ಬಾಗಿಲ ಕಡೆ ಹೊರಟಿದೆ. ಇಳಿದು ಎಳ್ಕೊಂಡು ಬರ್ತೀನಿ."

ಓಸ್ವಾಲ್ಟ್ ಬಾಯಿ ತೆರೆದ. ಬೇಡ ಅನ್ನಬೇಕಿತ್ತು. ಅನ್ನುವಷ್ಟರಲ್ಲಿ ಫೋನು ಸತ್ತುಹೋಯಿತು. ಅಥವಾ ಅನ್ನಲು ಅವನು ಒಂದು ಗಳಿಗೆ ತಡಮಾಡಿದ. ಯಾವುದು ನಿಜ ಎಂದು ತನಗೇ ಗೊತ್ತಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡ.

ಅಲ್ಲಿಂದ ಎರಡು ಗಂಟೆ ಅವನು ಆ ಸತ್ತ ಫೋನಿಗೇ ಮತ್ತೆ ಮತ್ತೆ ಫೋನು ಮಾಡಿದ. ಮುಖ ಸುಣ್ಣದ ಗೋಡೆಯಾಗಿತ್ತು. "ಅವಳು ನೀರಿಗೆ ಇಳಿದಿದ್ದಾಳೆ. ನನ್ನಿಂದ ಇಳಿದಿದ್ದಾಳೆ," ಅಂದ.

"ಹುಚ್ಚಾ ನಿಂಗೆ? ಆಲೂಗಡ್ಡೆಗೋಸ್ಕರ ಯಾರಾದ್ರೂ ನೀರಿಗೆ ಇಳೀತಾರಾ?" ಎಂದು ರೋಸ್ವಿತಾ ಅವನ ಬೆನ್ನು ಸವರಿದಳು.

"ಆಲೂಗಡ್ಡೆ ಅಲ್ಲ ರೋಸ್ವಿತಾ," ಎಂದು ಅವನು ಶುರುಮಾಡಿದ. ಮುಗಿಸುವ ಅಗತ್ಯ ಬೀಳಲಿಲ್ಲ.

ಟೀವಿಯಲ್ಲಿ ಅಗ್ನಿಶಾಮಕದವರ ದೋಣಿಯೊಂದು ಬೀದಿಯೊಳಗೆ ಬರುತ್ತಿತ್ತು. ದೋಣಿಯ ನಡುವೆ ಹಳದಿ ಮಳೆಕೋಟು ತೊಟ್ಟ ಜೆನ್ಸಿ ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತೊಡೆಯ ಮೇಲೆ ಟ್ಯೂಬಾ. ಟ್ಯೂಬಾದ ಬಾಯೊಳಗಿಂದ ಅವಳ ಬೆಕ್ಕು ಮಿಂಕಾ ತಲೆ ಹೊರಹಾಕಿ ಪ್ರಳಯವನ್ನು ನೋಡುತ್ತಿತ್ತು.

ವರದಿಗಾರ್ತಿ ಮೈಕು ಹಿಡಿದಳು. "ಅಜ್ಜಿ, ಇಷ್ಟು ದೊಡ್ಡದನ್ನ ನೀವು ಊದ್ತೀರಾ?"

"ನಾನಲ್ಲಮ್ಮ, ನಮ್ಮಣ್ಣನ ಮಗ ಓಸ್ವಾಲ್ಟ್. ನ್ಯೂರೆಂಬರ್ಗಲ್ಲಿ ಟ್ರಾಮ್ ಓಡಿಸ್ತಾನೆ. ಮೂರು ವರ್ಷದಿಂದ ಎರಡು ವಾರಕ್ಕೊಂದ್ಸಲ ಬಂದು ಮಧ್ಯಾಹ್ನ ಪೂರ್ತಿ ಊದಿ ಹೋಗ್ತಾನೆ."

"ನಿಮ್ಮ ಸಾಮಾನು ಏನೂ ತರ್ಲಿಲ್ವಾ?"

"ನಂದೆಲ್ಲ ಹಳೇದು. ಇದು ಹುಡುಗಂದು," ಅಂದಳು ಅತ್ತೆ. ಹುಡುಗನಿಗೆ ಐವತ್ತಾರು.

ನಮ್ಮ ಕಟ್ಟಡ ಎಷ್ಟೋ ವರ್ಷದಿಂದ ಬೇಡುತ್ತಿದ್ದ ನಿಶ್ಶಬ್ದ ಆ ಕೋಣೆಯಲ್ಲಿ ಆಗ ಬಂತು. ಎಲ್ಲರೂ ಓಸ್ವಾಲ್ಟನನ್ನು ನೋಡಿದರು. ರೋಸ್ವಿತಾ "ಮೂರು ವರ್ಷ" ಎಂದಷ್ಟೇ ಅಂದಳು. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಳುತ್ತಿದ್ದ. "ಬೆಳಗ್ಗಿಂದ ಎಷ್ಟು ಸಲ ಮಾತಾಡಿದೆ. ತಿಂಡಿ ಆಯ್ತಾ ಅಂತ ಒಂದ್ಸಲ ಕೇಳ್ಲಿಲ್ಲ ನಾನು," ಅಂದ.

ರೋಸ್ವಿತಾ ಕಾರಿನ ಕೀಲಿ ತಂದು ಅವನ ಕೈಗೆ ಹಾಕಿದಳು. "ನಡಿ. ಬೈಯೋದು ದಾರೀಲಿ ಬೈತೀನಿ," ಅಂದಳು. ಇನ್ನೂರು ಕಿಲೋಮೀಟರೂ ಬೈದಳಂತೆ.

ಅತ್ತೆ ಬೆಕ್ಕು, ಟ್ಯೂಬಾ ಸಮೇತ ನಮ್ಮ ಕಟ್ಟಡಕ್ಕೆ ಬಂದ ಮರುದಿನ ಮೆಟ್ಟಿಲ ಹತ್ತಿರ ಸಭೆ ಸೇರಿತು. ಕಟ್ಟಡದಲ್ಲಿ ಪ್ರಾಣಿ ಸಾಕಕೂಡದೆಂಬ ನಿಯಮವನ್ನು ಮಿಂಕಾಗೆ ಮಾತ್ರ ಸಡಿಲಿಸಿದೆವು. ಒಬ್ಬರೂ ಬೇಡ ಅನ್ನಲಿಲ್ಲ. ಓಸ್ವಾಲ್ಟ್ ತಲೆ ತಗ್ಗಿಸಿ ನಿಂತಿದ್ದ. ಫ್ರೌ ಲಾಂಗ್ ಅವನ ಹಳೇ ಕಾಗದವನ್ನು ಚೀಲದಿಂದ ತೆಗೆದು ಎಲ್ಲರೆದುರು ಹರಿದರು. "ಐನೂರು ವರ್ಷದ ನೀರಿಗೇ ಸೋಲದ ಟ್ಯೂಬಾಗೆ ನಾನ್ಯಾವ ಲೆಕ್ಕ? ಶನಿವಾರ ನಾಲ್ಕರಿಂದ ಐದು, ಊದಿ ಹೆರ್ ಬ್ರೂನರ್," ಅಂದರು. ಓಸ್ವಾಲ್ಟನ ಮುಖ ತೊಳೆದ ಹಿತ್ತಾಳೆಯ ಹಾಗೆ ಹೊಳೆಯಿತು.

ಶನಿವಾರ ನಾವೆಲ್ಲ ಕೇಳಲೆಂದೇ ಅವನ ಮನೆಗೆ ಹೋದೆವು. ಅವನು ಟೈ ಕಟ್ಟಿಕೊಂಡಿದ್ದ. ಸರಿಯಾಗಿ ನಾಲ್ಕಕ್ಕೆ, ಕಿಟಕಿ ಪಕ್ಕ ನಿಲ್ಲಿಸಿದ್ದ ಟ್ಯೂಬಾದ ಕಡೆ ಕೈಚಾಚಿದ.

"ಶ್ಶ್," ಅಂದಳು ಅತ್ತೆ. "ಮಿಂಕಾ ಒಳಗಿದೆ. ಈಗ ಮಲಗ್ತು. ಆ ನೀರು ನೋಡಿದ ಮೇಲೆ ಅದಕ್ಕೆ ಬೇರೆ ಎಲ್ಲೂ ನಿದ್ದೆ ಹತ್ತಲ್ಲ ಕಣೋ."

ಎಲ್ಲರೂ ಬಗ್ಗಿ ನೋಡಿದೆವು. ಹಿತ್ತಾಳೆ ಬಾಯೊಳಗೆ ಬೆಕ್ಕು ಉಂಡೆಯಾಗಿ ಮಲಗಿ ಉಸಿರಾಡುತ್ತಿತ್ತು. ಫ್ರೌ ಲಾಂಗ್ ತುಟಿಯ ಮೇಲೆ ಬೆರಳಿಟ್ಟುಕೊಂಡು ತುದಿಗಾಲಲ್ಲಿ ಕೆಳಗಿಳಿದರು. ಸಂಜೆಯ ಹೊತ್ತಿಗೆ ಮೆಟ್ಟಿಲ ಬಳಿಯ ಫಲಕದಲ್ಲಿ ಹೊಸ ನಿಯಮ ಬಂದಿತ್ತು: ಮಿಂಕಾ ಮಲಗಿರುವಾಗ ಟ್ಯೂಬಾ ಊದಕೂಡದು. ಬೆಕ್ಕು ದಿನಕ್ಕೆ ಹದಿನೆಂಟು ಗಂಟೆ ಮಲಗುತ್ತದೆ. ಅದು ಎದ್ದಿರುವ ಹೊತ್ತಿನಲ್ಲಿ ಇಡೀ ಕಟ್ಟಡ ಮಲಗಿರುತ್ತದೆ.

ಓಸ್ವಾಲ್ಟ್ ಅದಕ್ಕೂ ಸಹಿ ಹಾಕಿದ. ಈಗ ಅವನಿಗೆ ಶನಿವಾರ ರೈಲು ಹತ್ತಲು ನೆವವೂ ಇಲ್ಲ. ಅತ್ತೆ ಇಲ್ಲೇ, ಟ್ಯೂಬಾ ಇಲ್ಲೇ. ದಿನಾ ಬೆಳಗ್ಗೆ ಎದ್ದವನೇ ಮೊದಲು ಟ್ಯೂಬಾದ ಕಡೆ ಒಂದು ಸಲ ನೋಡುತ್ತಾನೆ, ಆಮೇಲೆ ಅತ್ತೆಯ ಕಡೆ ತಿರುಗುತ್ತಾನೆ.

"ಅತ್ತೇ, ತಿಂಡಿ ಆಯ್ತಾ?"

"ನಂದಾಯ್ತು ಕಣೋ," ಅನ್ನುತ್ತಾಳೆ ಅತ್ತೆ. "ಮೆಲ್ಲಗೆ ಮಾತಾಡು."