ಬಿಳಿ ಕೋಳಿಗೆ ನೇರಳೆ ಮದ್ದು

ದರ್ಜಿ ಕೋಳಿಗಳ ನೀರಿನ ತಟ್ಟೆಯನ್ನು ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದ. ತಿಕ್ಕಿ, ತೊಳೆದು, ಅಂಚಿನಲ್ಲಿ ಉಳಿದ ಪಾಚಿಯನ್ನು ಉಗುರಿನಿಂದ ಕೆರೆದು, ಹೊಸ ನೀರು ತುಂಬಿದ. ಪರೀಕ್ಷೆ ಬರೆಯುವವನ ಹಾಗೆ ಉಸಿರು ಬಿಗಿಹಿಡಿದಿದ್ದ.

ಅದು ಪರೀಕ್ಷೆಯೇ. ಮನೆಯ ಒಡತಿ ದೊಡ್ಡಮ್ಮ ಬೆಳಿಗ್ಗೆ ತಂಗಿಯ ಮನೆಗೆ ಹೊರಡುವಾಗ ಹೇಳಿದ್ದರು: "ಸಾಯಂಕಾಲದವರೆಗೆ ಈ ಆರೂ ಕೋಳಿ ನಿನ್ನ ಕೈಲಿ. ಚೆನ್ನಾಗಿ ನೋಡ್ಕೊಂಡ್ರೆ ಬೀದಿ ಕಡೆ ಕೋಣೆ ನಿಂಗೆ."

ಆ ಕೋಣೆಗಾಗಿ ದರ್ಜಿ ನಾಲ್ಕು ವರ್ಷದಿಂದ ಕಾಯುತ್ತಿದ್ದ. ಸದ್ಯಕ್ಕೆ ಅವನ ಅಂಗಡಿ ಇದ್ದುದು ಮೆಟ್ಟಿಲ ಕೆಳಗೆ. ಅಳತೆ ಕೊಡಲು ಬಂದವರು ಬಗ್ಗಿ ನಿಲ್ಲಬೇಕು. ಬಗ್ಗಿ ಕೊಟ್ಟ ಅಳತೆಯ ಅಂಗಿ, ಅವರು ಮನೆಗೆ ಹೋಗಿ ನೆಟ್ಟಗೆ ನಿಂತ ಕೂಡಲೇ ಹೊಕ್ಕುಳು ತೋರಿಸುತ್ತಿತ್ತು. "ನಿನ್ನ ಅಂಗಿ ಹಾಕ್ಕೊಂಡೋರು ಜೀವನಪೂರ್ತಿ ನಮಸ್ಕಾರ ಮಾಡ್ಕೊಂಡೇ ಓಡಾಡ್ಬೇಕಪ್ಪ" ಎಂದು ಹೇಳಿ ಹೋದ ಗಿರಾಕಿ ಮತ್ತೆ ಬರುತ್ತಿರಲಿಲ್ಲ.

ತಟ್ಟೆಯನ್ನು ಗೂಡಿನೊಳಗೆ ಇಡಲು ಬಗ್ಗಿದಾಗ ಅನಾಹುತವಾಯಿತು. ಎದೆಯ ಮೇಲೆ ಸಾಲಾಗಿ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿಗಳಲ್ಲಿ ಒಂದು, ಪಕ್ಕದಲ್ಲಿ ನುಸುಳಿದ ಕೋಳಿಯ ಬೆನ್ನನ್ನು ಗೀಚಿತು. ಬಿಳಿ ಗರಿಯ ಮೇಲೆ ಒಂದೇ ಒಂದು ಕೆಂಪು ಹನಿ. ಉಳಿದ ಐದೂ ಕತ್ತು ಓರೆ ಮಾಡಿ ಆ ಹನಿಯನ್ನು ನೋಡಿದವು. ಒಂದು ಬಂದು ಕುಕ್ಕಿತು. ಮರುಕ್ಷಣ ಐದೂ ಕುಕ್ಕತೊಡಗಿದವು.

ಗಾಯದ ಕೋಳಿಯನ್ನು ಕಂಕುಳಲ್ಲಿ ಅವಚಿಕೊಂಡು ದರ್ಜಿ ಹೊರಬರುವಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ಕಂಪೌಂಡರ್ ತಲೆ ಮೂಡಿತ್ತು. ಪಶು ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ರೋಗಿಗಳಿಲ್ಲದೆ ಅವರೇ ಸೊರಗಿದ್ದರು.

"ಏನಯ್ಯಾ, ಏನಾಯ್ತು?"

ಸೂಜಿಯ ವಿಷಯ ದೊಡ್ಡಮ್ಮನ ಕಿವಿಗೆ ಬಿದ್ದರೆ ಕೋಣೆ ಹೋದಂತೆಯೇ. "ಅವೇ ಕಚ್ಚಾಡಿದ್ವು ಸಾರ್. ನಾನು ಮುಟ್ಟೇ ಇಲ್ಲ" ಎಂದುಬಿಟ್ಟ.

ಅಡುಗೆಮನೆಯ ಕಿಟಕಿಯಿಂದ ಕಂಪೌಂಡರ್ ಹೆಂಡತಿ ಹೇಳಿದರು: "ಉಪ್ಪು ನೀರಲ್ಲಿ ಗಾಯ ತೊಳ್ದು, ಆರೋವರೆಗೂ ಬುಟ್ಟಿ ಕೆಳಗೆ ಬೇರೆ ಇಟ್ಬಿಡಿ. ಅಷ್ಟೇ ಸಾಕು."

"ನೀನ್ ಸುಮ್ನಿರೇ. ಮೂವತ್ತು ವರ್ಷ ಔಷಧಿ ಕಲಸಿದ್ದು ನಾನೋ ನೀನೋ?" ಕಂಪೌಂಡರ್ ದೊಡ್ಡ ಬಾಟಲಿ ಹಿಡಿದು ಗೋಡೆ ಹತ್ತಿ ಈಚೆಗೆ ಇಳಿದರು. "ಕೋಳಿಗೆ ಕೆಂಪು ಕಂಡ್ರೆ ಕುಕ್ಕೋ ಚಟ. ಈ ನೇರಳೆ ಮದ್ದು ಒಂದು ತೊಟ್ಟು ಹಚ್ಚಿದ್ರೆ ಕೆಂಪೂ ಕಾಣಲ್ಲ, ಗಾಯಾನೂ ವಾಸಿ. ಗಟ್ಟಿಯಾಗಿ ಹಿಡ್ಕೋ."

ದರ್ಜಿ ಗಟ್ಟಿಯಾಗಿಯೇ ಹಿಡಿದ. ಕೋಳಿ ಅದಕ್ಕಿಂತ ಗಟ್ಟಿಯಾಗಿ ರೆಕ್ಕೆ ಬಡಿಯಿತು. ಒಂದು ತೊಟ್ಟಿನ ಬದಲು ಅರ್ಧ ಬಾಟಲಿ ಸುರಿದು, ಕೋಳಿ ಕೊಕ್ಕಿನಿಂದ ಬಾಲದವರೆಗೆ ಬದನೆಕಾಯಿಯ ಹಾಗಾಯಿತು. ದರ್ಜಿಗೂ ಮೊಣಕೈವರೆಗೆ ಅದೇ ಬಣ್ಣ.

ಗೂಡಿಗೆ ಬಿಟ್ಟರೆ ಇನ್ನೂ ಕಷ್ಟ. ಇದ್ಯಾವುದೋ ಹೊಸ ಪ್ರಾಣಿ ಬಂದಿದೆ ಎಂದು ಐದೂ ಕೋಳಿ ಒಟ್ಟಾಗಿ ಮೇಲೆ ಬಿದ್ದವು.

"ಗುರುತು ಸಿಕ್ತಿಲ್ಲ ಕಣಯ್ಯ ಅವಕ್ಕೆ" ಎಂದರು ಕಂಪೌಂಡರ್.

"ಬೇರೆ ಇಡಿ ಅಂದೆ" ಎಂದಿತು ಅಡುಗೆಮನೆಯ ಕಿಟಕಿ.

"ಸುಮ್ನಿರೇ ಅಂದೆ! ನೋಡಯ್ಯ, ಒಂದಕ್ಕೆ ಬಣ್ಣ ಬಿದ್ರೆ ತಾನೇ ಜಗಳ? ಎಲ್ಲಕ್ಕೂ ಬಳಿದ್ಬಿಡು."

ಸದ್ದು ಕೇಳಿ ಮೇಲಿನ ಮನೆಯ ಬಸ್ ಕಂಡಕ್ಟರ್ ಬನಿಯನ್ನಿನಲ್ಲೇ ಇಳಿದು ಬಂದ. ಅವನಿಗೆ ಅಂದು ರಜೆ, ಆದರೆ ಬಾಯಿಗೆ ರಜೆ ಇರಲಿಲ್ಲ. ಅಂಗಳದ ತುಂಬ ಓಡಿ ಒಂದೊಂದೇ ಕೋಳಿಯನ್ನು ಹಿಡಿದ; ಕಂಪೌಂಡರ್ ಸುರಿದರು; ದರ್ಜಿ ಬಳಿದ; ಬಳಿದುದನ್ನು ಕಂಡಕ್ಟರ್ ಗೂಡಿಗೆ ನೂಕಿದ. "ಒಳಗೆ ಹೋಗಿ, ಒಳಗೆ ಹೋಗಿ! ಒಳಗೆ ಜಾಗ ಖಾಲಿ ಇದೆ, ಬಾಗಿಲಲ್ಲಿ ನಿಲ್ಬೇಡಿ!" ಹೊಲಿಯಲು ಬಂದಿದ್ದ ಬಿಳಿ ಬಟ್ಟೆ ಹಗ್ಗದ ಮೇಲಿತ್ತು, ನಾಲ್ಕನೆಯ ಕೋಳಿ ಅದರಲ್ಲಿ ಕೊಕ್ಕು ಒರೆಸಿಕೊಂಡಿತು.

ಆದರೆ ಜಗಳ ನಿಂತಿತು. ಆರೂ ನೇರಳೆ ಕೋಳಿಗಳು ಒಂದನ್ನೊಂದು ನೋಡಿದವು, ಯಾರನ್ನು ಕುಕ್ಕಬೇಕೆಂದು ತಿಳಿಯದೆ ಕಾಳಿಗೆ ಬಾಯಿ ಹಾಕಿದವು.

ಸಾಯಂಕಾಲ ದೊಡ್ಡಮ್ಮ ಬಂದು ಗೂಡಿನ ಮುಂದೆ ನಿಂತರು. ಕೈಯ ಚೀಲ ತಾನಾಗಿ ಜಾರಿತು.

"ಯಾರವೋ ಇವು?"

"ನಿಮ್ಮವೇ ದೊಡ್ಡಮ್ಮ. ಕಚ್ಚಾಡಿದ್ವು. ಮದ್ದು ಹಚ್ಚಿದೀವಿ."

ದೊಡ್ಡಮ್ಮ ಒಂದೊಂದನ್ನೇ ಎತ್ತಿಕೊಂಡರು. ಕಣ್ಣು ನೋಡಿದರು, ಪಾದ ನೋಡಿದರು, ಕತ್ತಿನ ಬುಡದ ಚೀಲ ಮುಟ್ಟಿ ಹೊಟ್ಟೆ ತುಂಬಿದೆಯೇ ಎಂದು ತಿಳಿದುಕೊಂಡರು. ದರ್ಜಿಯ ಎದೆ ಅವನ ಮಿಷನ್ನಿಗಿಂತ ಜೋರಾಗಿ ಓಡುತ್ತಿತ್ತು.

"ಒಂದಕ್ಕೂ ಏನೂ ಆಗಿಲ್ಲ" ಎಂದರು ಕೊನೆಗೆ. "ಬಣ್ಣ ಹೋಗ್ಲಿ ಬಿಡು, ಹಳೇ ಗರಿ ಉದುರಿದಾಗ ಅದೂ ಹೋಗುತ್ತೆ. ಚೆನ್ನಾಗೇ ನೋಡ್ಕೊಂಡಿದೀಯ."

ದರ್ಜಿಯ ಮುಖ ಅರಳಿತು. ದೊಡ್ಡಮ್ಮ ಸೊಂಟದಿಂದ ಬೀಗದ ಕೈ ತೆಗೆದರು. ತೆಗೆದವರು ಹಾಗೇ ನಿಂತರು.

"ಆದ್ರೂ ಕಚ್ಚಾಡಿದ್ದು ಯಾಕೆ? ಮೂರು ವರ್ಷದಿಂದ ಒಂದು ದಿನಾನೂ ಕಚ್ಚಾಡಿದವಲ್ಲ."

"ಇಕ್ಕಟ್ಟು ದೊಡ್ಡಮ್ಮ!" ಯಾರಾದರೂ ಪ್ರಶ್ನೆ ಕೇಳಲಿ ಎಂದೇ ಅಲ್ಲಿ ಕಾಯುತ್ತಿದ್ದ ಕಂಪೌಂಡರ್ ಮುಂದೆ ಬಂದರು. "ಕಾರಣ ಇಲ್ದೆ ಕಚ್ಚಾಡಿದ್ವು ಅಂದ್ರೆ ಜಾಗ ಸಾಲ್ತಿಲ್ಲ ಅಂತ್ಲೇ ಅರ್ಥ. ಓಡಾಡೋಕೆ ಜಾಗ, ಗಾಳಿ, ಬೆಳಕು ಬೇಕು."

"ನನ್ನ ಬಸ್ಸಲ್ಲೂ ಇದೇ ಕತೆ" ಎಂದ ಕಂಡಕ್ಟರ್. "ಜಾಗ ಇದ್ರೆ ಎಲ್ಲಾ ಒಳ್ಳೇವ್ರೇ."

ದೊಡ್ಡಮ್ಮನ ಕಣ್ಣು ತುಂಬಿತು. "ಅಯ್ಯೋ, ನಾನು ಕಾಲು ಚಾಚ್ಕೊಂಡು ಮಲಗ್ತೀನಿ, ಇವು ಪಾಪ..."

ದರ್ಜಿ ಬೀಗದ ಕೈಗೆ ಚಾಚಿದ್ದ ಕೈಯನ್ನು ಇಳಿಸಲಿಲ್ಲ. ನಿಜ ಹೇಳಿದರೆ ಕೋಣೆ ಇಲ್ಲ. ಸುಳ್ಳನ್ನೇ ಉಳಿಸಿಕೊಂಡರೂ ಇಲ್ಲ.

ಅವನು ಚಾಚಿದ್ದ ನೇರಳೆ ಕೈಯನ್ನು ದಾಟಿಕೊಂಡು ಹೋಗಿ ದೊಡ್ಡಮ್ಮ ಬೀದಿ ಕಡೆಯ ಕೋಣೆಯ ಬೀಗ ತೆಗೆದರು. ಕಂಡಕ್ಟರ್ ಕೋಳಿಗಳನ್ನು ಹತ್ತಿಸಿದ. ಕಂಪೌಂಡರ್ ಒಣಹುಲ್ಲು ಹಾಸಿದರು. ಅವು ಕೂರಲು ಗೋಡೆಯಿಂದ ಗೋಡೆಗೆ ಕೋಲು ಕಟ್ಟಿದ್ದಾಯಿತು. ಅಗಲವಾದ ಕಿಟಕಿ ತೆರೆದದ್ದೇ ತಡ, ದಾರಿಹೋಕರು ನಿಂತು ನಿಂತು ಒಳಗೆ ನೋಡತೊಡಗಿದರು. ಇಂಥ ಗುಂಪನ್ನು ದರ್ಜಿ ನಾಲ್ಕು ವರ್ಷ ಕನಸಿನಲ್ಲಿ ಕಂಡಿದ್ದ. ಅಲ್ಲಿ ಎಲ್ಲರೂ ನೆಟ್ಟಗೆ ನಿಂತಿದ್ದರು.

"ದೊಡ್ಡಮ್ಮ, ಮೂಲೇಲಿ ನನ್ನ ಮಿಷನ್ ಇಡೋಷ್ಟು ಜಾಗ ಬಿಡ್ತೀರಾ?"

ದೊಡ್ಡಮ್ಮ ಕಾಳು ಚೆಲ್ಲುತ್ತಿದ್ದರು.

"ಮಿಷನ್ ಒಂದೇ. ನಾನು ಹೊರಗೇ ಕೂತ್ಕೋತೀನಿ."