ಮಡಿಯಲ್ಲಿ ಮೊಬೈಲು

ಮೊಬೈಲನ್ನು ಮುಟ್ಟದೆ ಬಳಸುವವರು ಇಡೀ ಮಾನ್ವಿ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಅತ್ಯಾ ಒಬ್ಬಳೇ. ಬೇಕಾದರೆ ದೇವದುರ್ಗವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ. ಮುಟ್ಟದೆ ಬಳಸುವುದು ಹೇಗೆ ಎನ್ನುತ್ತೀರಾ? ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಸ್ವಲ್ಪ ದಿನದ ಹಿಂದಾಗಿದ್ದರೆ ಇದನ್ನೆಲ್ಲ ಹೇಳಿ ನಗುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರುತ್ತಿರಲಿಲ್ಲ. ಈಗ ನಗಬಹುದು.

ಅತ್ಯಾ ಎಂದರೆ ನಮ್ಮಪ್ಪನ ಅಕ್ಕ. ನಮ್ಮ ಮನೆಯಲ್ಲೇ ಇದ್ದಾಳೆ. ಅಥವಾ ನಾವು ಅವಳ ಮನೆಯಲ್ಲಿದ್ದೇವೆ. ಅಡಿಗೆಮನೆಯ ಮಟ್ಟಿಗಂತೂ ಎರಡನೆಯದೇ ನಿಜ. ಬೆಳಿಗ್ಗೆ ಸ್ನಾನ ಮಾಡಿ, ಯಾರ ಕೈಗೂ ಎಟುಕದ ಬಿದಿರು ಗಳುವಿನ ಮೇಲೆ ಒಣಗಿದ ಮಡಿಸೀರೆ ಉಟ್ಟಳೆಂದರೆ ಮುಗಿಯಿತು. ದೇವರ ನೈವೇದ್ಯ ಆಗುವವರೆಗೆ ಅವಳು ಯಾರನ್ನೂ ಮುಟ್ಟುವುದಿಲ್ಲ, ಅವಳನ್ನೂ ಯಾರೂ ಮುಟ್ಟುವಂತಿಲ್ಲ. ಆ ಹೊತ್ತಿನಲ್ಲಿ ನಾನು ಅವಳ ಪ್ರೀತಿಯ ತಮ್ಮನ ಮಗನಲ್ಲ, ಪ್ಯಾಂಟು ತೊಟ್ಟ ಮೈಲಿಗೆಯ ಮೂಟೆ. ಇನ್ನು ಮೊಬೈಲು! ಅದು ಬಸ್ಸಿಗೆ ಹೋಗಿ ಬಂದದ್ದು, ಸಂತೆಗೆ ಹೋಗಿ ಬಂದದ್ದು, ನನ್ನ ಜೇಬಿನಲ್ಲಿ ಎಲ್ಲೆಲ್ಲೋ ಹೊಕ್ಕು ಹೊರಬಂದದ್ದು. ಅದನ್ನು ಅವಳು ಮುಟ್ಟುವುದುಂಟೇ?

ಆದರೆ ಮುಟ್ಟಲೇಬೇಕಾದ ಕಾಲ ಬಂತು. ಅವಳ ಒಬ್ಬಳೇ ಮಗಳು ದೇವದುರ್ಗದಲ್ಲಿ ಶಾಲೆಯ ಟೀಚರು. ಅವಳ ಹೊಟ್ಟೆಯಲ್ಲೊಂದು ಗಡ್ಡೆ ಕಾಣಿಸಿಕೊಂಡಿತು. ತೆಗೆಯಬೇಕು, ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಅದು ಒಳ್ಳೆಯದೋ ಕೆಟ್ಟದ್ದೋ ಹೇಳಬಹುದು ಎಂದರು ರಾಯಚೂರಿನ ಡಾಕ್ಟರು. ಅವತ್ತೇ ಅತ್ಯಾ ದೇವರ ಮುಂದೆ ನಿಂತು ಹರಕೆ ಹೊತ್ತಳು. ಕೆಟ್ಟದ್ದಲ್ಲ ಎಂಬ ಸುದ್ದಿ ಬರುವವರೆಗೆ ಒಂದು ದಿನವೂ ತಪ್ಪದೆ ಮಡಿಯಲ್ಲಿ ಅಡಿಗೆ ಮಾಡಿ ನೈವೇದ್ಯ ಇಡುತ್ತೇನೆ, ದಿನಾ ನೈವೇದ್ಯ ಆಗುವವರೆಗೆ ಹನಿ ನೀರೂ ಕುಡಿಯುವುದಿಲ್ಲ ಎಂದು. ಇತ್ತ ಮಡಿ ಕೆಡಬಾರದು. ಅತ್ತ ಬೆಳಗಿನಿಂದಲೇ ಮತ್ತೆ ಮತ್ತೆ ಮಗಳ ಮುಖ ನೋಡಬೇಕು, ಮಾತಾಡಿಸಬೇಕು, ಇಲ್ಲದಿದ್ದರೆ ಜೀವ ನಿಲ್ಲದು. ಏನು ಮಾಡುವುದು?

ಫೋನಿನಲ್ಲಿರುವುದೆಲ್ಲ ಟೀವಿಯಲ್ಲಿ ಕಾಣುವ ಹಾಗೆ ಮಾಡಬಹುದು ಎಂದು ನಾನೇ ಬಾಯಿ ಬಿಟ್ಟೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ! ಅತ್ಯಾ ಕೂಡಲೇ ತೀರ್ಪು ಕೊಟ್ಟಳು.

"ಟೀವ್ಯಾಗ ಕಾಣೂದು ಬರೇ ಬಿಂಬ. ಬಾವ್ಯಾಗ ಚಂದ್ರ ಕಂಡ್ರ ಚಂದ್ರನ್ನ ಮುಟ್ಟಿದಂಗೇನು? ಹಚ್ಚು."

ಟೀವಿ ಪಡಸಾಲೆಯಿಂದ ಎದ್ದು ಅಡಿಗೆಮನೆಯ ಬಾಗಿಲಿಗೆ ನೇರವಾಗಿ ಬಂದು ಕೂತಿತು. ನಾನು ಅದರ ಖಾಯಂ ಅರ್ಚಕನಾದೆ.

ಮೊದಲ ದಿನವೇ ಎಡವಟ್ಟು. ಪಕ್ಕದ ಮನೆ ಅಕ್ಕಿ ವ್ಯಾಪಾರಿಗಳದು. ಅವರೂ ನಾವೂ ಸೇರಿ ಒಂದೇ ವೈಫೈ ಹಾಕಿಸಿಕೊಂಡಿದ್ದೇವೆ, ಟೀವಿಯನ್ನೂ ಒಂದೇ ಅಂಗಡಿಯಲ್ಲಿ ಕೊಂಡಿದ್ದೇವೆ. ನಾನು ವಿಡಿಯೋ ಕಾಲ್ ಹಚ್ಚಿ, ಪಟ್ಟಿಯಲ್ಲಿ ಕಂಡ ಟೀವಿಯನ್ನು ಒತ್ತಿದೆ. ನಮ್ಮ ಟೀವಿ ಕಪ್ಪಗೆ ಕೂತಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ, ನಾವೆಲ್ಲ ಆಪಾ ಎಂದು ಕರೆಯುವ ಆ ಮನೆಯ ಯಜಮಾನಿ ಕೂಗಿದರು.

"ಅಮ್ಮಾರ, ನಮ್ಮ ಟೀವ್ಯಾಗ ನಿಮ್ಮ ಅಳಿಯಾರು ಬಂದಾರ್ರೀ. ನಮ್ಮವರು ಅಕ್ಕಿ ರೇಟು ನೋಡಾಕತ್ತಿದ್ರು, ನಡುವ ಬಂದು ಹಲ್ಲು ತಿಕ್ಕಾಕತ್ಯಾರ."

"ಇರ್ಲಿ ಬಿಡ್ರಿ," ಎಂದಳು ಅತ್ಯಾ ಒಲೆಯ ಮುಂದಿನಿಂದಲೇ. "ಹೆಂಗೂ ಬಂದಾರ. ನನ್ನ ಮಗಳು ರಾತ್ರಿ ಉಂಡಾಳೇನು, ಕೇಳ್ರಿ."

ಆ ಪ್ರಶ್ನೆ ನನ್ನ ಕೈಯಲ್ಲಿದ್ದ ಫೋನಿಗೇ ಕೇಳಿಸಿರಬೇಕು. ಉಂಡಿದ್ದಾಳಂತೆ, ಎರಡು ರೊಟ್ಟಿ, ಪುಂಡಿಪಲ್ಲೆ ಎಂದು ಗೋಡೆಯಾಚೆಯಿಂದ ವರದಿ ಬಂತು. ಅವತ್ತಿನಿಂದ ಆಪಾ ಕೂಡ ನಮ್ಮಷ್ಟೇ ಕಳವಳದಿಂದ ದೇವದುರ್ಗದ ಸುದ್ದಿ ಕೇಳತೊಡಗಿದರು.

ಇನ್ನೊಂದು ತೊಡಕಿತ್ತು. ಟೀವಿಗೆ ಹಚ್ಚಿಟ್ಟ ಫೋನನ್ನು ಮನೆಯಲ್ಲೇ ಬಿಟ್ಟು ನಾನು ಕೆಲಸಕ್ಕೆ ಹೋದ ಮೇಲೆ ಕಾಲ್ ಬಂದರೆ ಎತ್ತುವವರು ಯಾರು? ಅತ್ಯಾ ಸೌಟಿನಿಂದ ತಟ್ಟಿ ನೋಡಿದಳು, ಫೋನು ಜಪ್ಪಯ್ಯ ಅನ್ನಲಿಲ್ಲ. ಲಟ್ಟಣಿಗೆಯಿಂದ ನೋಡಿದಳು, ಊಹೂಂ. ಒಂದು ದಿನ ಕೋಸಂಬರಿಗೆಂದು ಕೈಯಲ್ಲಿ ಹಿಡಿದಿದ್ದ ಸೌತೆಕಾಯಿಯನ್ನೇ ಸಿಟ್ಟಿನಿಂದ ಅದರ ಮೇಲೆ ಎಳೆದಳಂತೆ. ಕಾಲ್ ಎತ್ತಿಕೊಂಡಿತು! ನಾನು ಸಂಜೆ ಬಂದು ನಂಬದೆ ಸ್ವತಃ ಪರೀಕ್ಷೆ ಮಾಡಿದೆ. ನಿಜ. ಅಂದಿನಿಂದ ಫೋನಿನ ಪಕ್ಕ ದಿನಕ್ಕೊಂದು ತಾಜಾ ಸೌತೆಕಾಯಿ.

ಇದು ನಮ್ಮ ಮನೆಗೆ ಬಂದು ಹೋಗುವ ಆಚಾರರ ಕಣ್ಣಿಗೆ ಬಿತ್ತು.

"ಸೌತಿಕಾಯಿ ಮೊಬೈಲಿಗೆ ತಾಗ್ತದ, ನೀವು ಸೌತಿಕಾಯಿ ಹಿಡೀತೀರಿ. ಮೈಲಿಗಿ ಆಗಂಗಿಲ್ಲಂತ ಯಾವ ಶಾಸ್ತ್ರದಾಗ ಅದರೀ?"

"ಹಸೀ ಕಾಯಿಗೆ ಎಲ್ಲೀ ಮೈಲಿಗಿರಿ? ಮತ್ತ ನಿಮ್ಮ ಶಾಸ್ತ್ರ ಬರಿಯೂ ಕಾಲಕ್ಕ ಮೊಬೈಲ್ ಇತ್ತೇನು?"

ಅಷ್ಟರಲ್ಲಿ, ಆಚಾರರು ಬಂದದ್ದನ್ನು ಆಗಷ್ಟೇ ಕಾಲಿನಲ್ಲಿ ಕಂಡಿದ್ದ ಮಗಳ ಮೆಸೇಜು ಟೀವಿಯ ನೆತ್ತಿಯ ಮೇಲೆ ಬಂದು ಕೂತಿತು. ಫೋನಿನಲ್ಲಿ ಸಾಸಿವೆಯಷ್ಟಿರುವ ಅಕ್ಷರ ಟೀವಿಯಲ್ಲಿ ಅಂಗಡಿಯ ಬೋರ್ಡಿನಂತೆ ಕಾಣುತ್ತದೆ ನೋಡಿ. 'ಅಮ್ಮಾ, ಆಚಾರ್ರು ಹೋದ್ರೇನು? ಬಾಳ ಮಾತಾಡಸಬ್ಯಾಡ, ಊಟಕ್ಕ ನಿಲ್ತಾರ.' ನಾನು ರಿಮೋಟು ಹುಡುಕಿದೆ. ಸಿಗಬೇಕಾದಾಗ ರಿಮೋಟು ಯಾವತ್ತು ಸಿಕ್ಕಿದೆ? ಆಚಾರರು ಕನ್ನಡಕ ಏರಿಸಿ ಇಡೀ ಮೆಸೇಜನ್ನು ಸಾವಕಾಶವಾಗಿ ಓದಿ, "ನಿಲ್ಲಂಗಿಲ್ರಿ, ಮಜ್ಜಿಗಿ ಕುಡದು ಹೊಂಡ್ತೀನಿ," ಎಂದರು.

"ಛೇ ಛೇ, ನನ್ನ ಮಗಳ ಮಾತು ಸುಳ್ಳು ಮಾಡಬ್ಯಾಡ್ರಿ, ಊಟಕ್ಕ ನಿಲ್ರಿ," ಎಂದಳು ಅತ್ಯಾ. ಆಚಾರರು ನಿಂತರು. ಉಂಡು, ಕೈ ತೊಳೆದು, ಹೋಗುವಾಗ ಟೀವಿಯ ಕಡೆ ತಿರುಗಿ ಮಗಳ ಹೆಸರಿನಲ್ಲಿ ನಾಲ್ಕು ಕಾಳು ಮಂತ್ರಾಕ್ಷತೆ ಎರಚಿಯೇ ಹೋದರು.

ರಾಯಚೂರಿನಲ್ಲಿ ಆಪರೇಶನ್ ಆಯಿತು. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಬ್ಬರೇ ಇರಬೇಕಂತೆ. ಅಳಿಯ ಇದ್ದರು. ಮೊಣಕಾಲು ಹಿಡಿದ ಅತ್ಯಾಗೆ ಬಸ್ಸಿನ ಮೆಟ್ಟಿಲು ಹತ್ತುವುದೇ ಆಗದು. ನಾನು ಹೋಗಿ ನೋಡಿ ಬಂದು ಚೆನ್ನಾಗಿದ್ದಾಳೆ ಎಂದರೆ ನಂಬಲಿಲ್ಲ. ಟೀವಿಯಲ್ಲಿ ಮಗಳು ಹಾಸಿಗೆಯ ಮೇಲೆ ಎದ್ದು ಕೂತು ಕೈಬೀಸಿದ ಮೇಲೆಯೇ ಒಲೆ ಹೊತ್ತಿಸಿದಳು. ಅಲ್ಲಿಂದಾಚೆ ರಿಪೋರ್ಟಿನ ದಾರಿ ಕಾಯುವುದು ಶುರುವಾಯಿತು. ಅತ್ಯಾ ಒಲೆಯ ಮುಂದೆ, ಮಗಳು ಟೀವಿಯಲ್ಲಿ, ನಡುವೆ ಹೊಸ್ತಿಲು. ಇಬ್ಬರೂ ಗಡ್ಡೆಯ ಮಾತೊಂದು ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದರು. ಮಗಳು ಒಂದು ದಿನವೂ ಕಣ್ಣೀರು ಹಾಕಲಿಲ್ಲ. ಅಮ್ಮನೂ ಅಷ್ಟೇ. ಅವರಿಬ್ಬರ ಆ ಗಟ್ಟಿತನ ನೋಡಿ ನನಗೇ ಭಯವಾಗುತ್ತಿತ್ತು.

ಕೊನೆಗೆ ರಿಪೋರ್ಟು ಬರುವ ದಿನ ಬಂತು. ಅತ್ಯಾ ಹೂರಣ ತಿರುವುತ್ತಿದ್ದಳು. ಕಾಲ್ ಬಂತು, ನಾನು ಟೀವಿಗೆ ಹಚ್ಚಿದೆ. ಎರಡು ಬದಿ ಕತ್ತಲು, ನಡುವೆ ಉದ್ದಕ್ಕೆ ನಮ್ಮ ಅಳಿಯ. ನಮ್ಮ ಟೀವಿಯಲ್ಲಿ ಮೊದಲು ತುಟಿ ಅಲ್ಲಾಡುತ್ತದೆ, ಮಾತು ಆಮೇಲೆ ಬರುತ್ತದೆ. ಅಳಿಯನಿಗೋ ಯಾವುದನ್ನೂ ಬುಡದಿಂದ ಹೇಳುವ ಚಟ.

"ಮುಂಜಾನೆ ಎದ್ದವನೇ ಲ್ಯಾಬಿಗೆ ಹೋದೆರೀ. ಬೀಗ ಹಾಕಿತ್ತು. ಅಲ್ಲೇ ಚಾ ಕುಡದೆ…"

"ಅಳಿಯಂದ್ರ, ಚಾದ ಕಥಿ ಆಮ್ಯಾಲ ಕೇಳ್ತೀನಿ," ಎಂದಳು ಅತ್ಯಾ.

"ಹೂಂ, ಡಾಕ್ಟರು ರಿಪೋರ್ಟ್ ನೋಡಿ ಏನಂದ್ರಂದ್ರ…"

ಅಷ್ಟಕ್ಕೇ ಚಿತ್ರ ನಿಂತಿತು. ಅಳಿಯ ಬಾಯಿ ತೆರೆದವರು ತೆರೆದ ಹಾಗೆಯೇ ಉಳಿದರು. ಅವರ ಮೂಗಿನ ಮೇಲೆ ಒಂದು ಚಕ್ರ ತಿರುಗತೊಡಗಿತು. ಆ ಚಕ್ರ ಕಂಡುಹಿಡಿದವನು ಕೈಗೆ ಸಿಕ್ಕಿದ್ದರೆ! ನಾನು ಫೋನು ಅಲುಗಾಡಿಸಿದೆ, ಕಿಟಕಿಯ ಹತ್ತಿರ ಓಡಿದೆ, ದೇವರನ್ನೂ ಫೋನ್ ಕಂಪನಿಯನ್ನೂ ಒಟ್ಟಿಗೇ ನೆನೆದೆ. ಅತ್ಯಾ ಮಾತ್ರ ಹೊಸ್ತಿಲ ಒಳಗೆ ನಿಂತು ತೆರೆದ ಬಾಯಿಯನ್ನೇ ನೋಡುತ್ತಿದ್ದಳು. ಹೂರಣ ತಳ ಹಿಡಿದ ವಾಸನೆ ಬಂದರೂ ತಿರುಗಿ ನೋಡಲಿಲ್ಲ.

ಚಿತ್ರ ಮತ್ತೆ ಅಲ್ಲಾಡಿದಾಗ ಫೋನು ಮಗಳ ಕೈಯಲ್ಲಿತ್ತು. ಗಂಡನಿಂದ ಕಸಿದುಕೊಂಡಿದ್ದಳು.

"ಅಮ್ಮಾ, ಕೆಟ್ಟದ್ದಲ್ಲಂತ. ಬರೇ ಗಡ್ಡಿ ಅಂತ. ತಗದದ್ದಾತು, ಮುಗೀತಂತ. ಇನ್ನೇನೂ ಬ್ಯಾಡಂತ."

ಅಷ್ಟು ಹೇಳಿ, ಇಷ್ಟು ದಿನ ಅಳದವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತೆ. ಕಣ್ಣು ತುಂಬಿ ಬಂದದ್ದನ್ನು ಯಾಕೆ ಮುಚ್ಚಿಡಲಿ?

ಕಣ್ಣೊರೆಸಿಕೊಂಡು ನೋಡುತ್ತೇನೆ, ಅತ್ಯಾ ಹೊಸ್ತಿಲು ದಾಟಿದ್ದಾಳೆ. ನೈವೇದ್ಯ ಇನ್ನೂ ಆಗಿಲ್ಲ. ನೇರವಾಗಿ ಟೀವಿಯ ಹತ್ತಿರ ಹೋಗಿ, ಮಡಿಸೀರೆಯ ಸೆರಗಿನಿಂದ ಮಗಳ ಕಣ್ಣಿದ್ದ ಕಡೆ ಗಾಜನ್ನು ಒರೆಸಿದಳು. ಆಮೇಲೆ ಅಂಗೈಯನ್ನು ಅವಳ ಕೆನ್ನೆಗೆ ಒತ್ತಿ ನಿಂತಳು.

"ಅತ್ಯಾ, ಮಡಿ!" ಎಂದೆ ನಾನು ಅಭ್ಯಾಸಬಲದಿಂದ. ಕೂಡಲೇ ಪಾಪ ಅನಿಸಿತು. ಇಷ್ಟು ದಿನ ಕಾಪಾಡಿಕೊಂಡು ಬಂದ ಹರಕೆ ಈ ಹೊತ್ತಿನಲ್ಲಿ ಕೆಡಬೇಕೇ? ಸಮಾಧಾನ ಹೇಳಿದೆ. "ಏನೂ ಆಗಿಲ್ಲ ಬಿಡು. ನೀನೇ ಹೇಳಿದ್ದಿಯಲ್ಲ, ಅದು ಬರೇ ಬಿಂಬ. ಮಡಿ ಕೆಟ್ಟಿಲ್ಲ."

ಅತ್ಯಾ ತಿರುಗಿ ನೋಡಲಿಲ್ಲ.

"ಬಿಂಬ ಅಂದ್ರ ನಾ ನನ್ನ ಮಗಳನ್ನ ಮುಟ್ಟೇ ಇಲ್ಲ ಅಂತ ಆತಲ್ಲೋ. ಮುಟ್ಟೀನಿ. ಮಡಿ ಹೋಗ್ಯದ, ಹೋಗ್ಲಿ."

ಇನ್ನೊಮ್ಮೆ ಸ್ನಾನ, ಇನ್ನೊಮ್ಮೆ ಒಲೆ, ಇನ್ನೊಮ್ಮೆ ಹೂರಣ, ಎಲ್ಲ ಮೊದಲಿನಿಂದ ಮಾಡಬೇಕು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲ್ ಮುಗಿಯುವವರೆಗೆ ಅತ್ಯಾ ಆ ಕೆನ್ನೆಯ ಮೇಲಿಂದ ಕೈ ತೆಗೆಯಲಿಲ್ಲ.