ಎಂಟನೇ ಕ್ಲಾಸಿಗೆ ಎಷ್ಟು ಲೈಕ್?

ಶಾಲೆಯಲ್ಲಿ ಕೆಲಸ ಮಾಡುವವನು ನಗುವುದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ, ಬೆಳಗ್ಗೆ ಬೆಲ್ಲು ಹೊಡೆಯುವ ಮೊದಲೇ ಅದು ಗೇಟಿನಲ್ಲಿ ಬಂದು ನಿಂತಿರುತ್ತದೆ. ಮೊದಲು ನಗಿಸುತ್ತಿದ್ದವರು ಮಕ್ಕಳು. ಈಗ ಆ ಕೆಲಸವನ್ನು ದೊಡ್ಡವರು ವಹಿಸಿಕೊಂಡಿದ್ದಾರೆ, ಅದೂ ವಿಡಿಯೊ ಸಮೇತ.

ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಒಂದು ಗುಡ್ಡೆಯ ಮೇಲಿರುವ ಕನ್ನಡ ಮಾಧ್ಯಮದ ಅನುದಾನಿತ ಹೈಸ್ಕೂಲು. ನಾನು ಅಲ್ಲಿ ಸಮಾಜ ವಿಜ್ಞಾನದ ಮಾಷ್ಟ್ರು. ಬೆಳಗ್ಗೆ ನಾನು ಗುಡ್ಡೆ ಹತ್ತುವ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಹಳದಿ ಬಸ್ಸುಗಳು ನಮ್ಮ ಪಾಲಿನ ಮಕ್ಕಳನ್ನು ತುಂಬಿಕೊಂಡು ಮೂಡುಬಿದಿರೆಯ ಇಂಗ್ಲಿಷ್ ಶಾಲೆಗಳಿಗೆ ಓಡುತ್ತಿರುತ್ತವೆ. ಕಳೆದ ವರ್ಷ ಇಲಾಖೆಯ ಮೇಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು: ಬರುವ ಜೂನಿಗೆ ಎಂಟನೇ ಕ್ಲಾಸಿಗೆ ಸಾಕಷ್ಟು ಮಕ್ಕಳು ಸೇರದಿದ್ದರೆ ಎಂಟನೇ ತೆರೆಯುವಂತಿಲ್ಲ. ಎಂಟನೇ ಹೋದರೆ ಮರುವರ್ಷ ಒಂಬತ್ತನೇ ಹೋಗುತ್ತದೆ, ಅದರ ಮರುವರ್ಷ ಹತ್ತನೇ. ಆಮೇಲೆ ನಾವೆಲ್ಲ ಹೆಚ್ಚುವರಿ ಮಾಷ್ಟ್ರುಗಳಾಗಿ ಎಲ್ಲೆಲ್ಲಿಗೋ ಎತ್ತಂಗಡಿ. ಗುಡ್ಡೆಯ ಮೇಲೆ ಬೀಗ.

ಆಡಳಿತ ಮಂಡಳಿಯ ಸಂಚಾಲಕರು ಮೀಟಿಂಗ್ ಕರೆದರು. ಪ್ರತಿ ವರ್ಷ ಏಪ್ರಿಲಿನಲ್ಲಿ ನಾವು ಮಾಷ್ಟ್ರುಗಳು, ಟೀಚರುಗಳು ಮನೆ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಅವರು ಕೊಟ್ಟ ಬೆಲ್ಲ ನೀರು ಕುಡಿದು, "ಏಳನೇ ಮುಗಿಸಿದ ಮಕ್ಕಳನ್ನು ನಮ್ಮಲ್ಲಿಗೆ ಕಳಿಸಿ" ಎಂದು ಕೇಳಿ ಬರುವ ಕ್ರಮ ಇತ್ತು. ಈ ಸಲ ಎರಡು ಸುತ್ತು ಹೋಗಬೇಕು ಎಂದು ಹೇಳುತ್ತಾರೆಂದು ನಾನು ಎಣಿಸಿದ್ದೆ. ಸಂಚಾಲಕರು ಮೊಬೈಲ್ ಎತ್ತಿ ತೋರಿಸಿದರು.

"ಈಗ ಜನ ಎಲ್ಲ ಎಲ್ಲಿದ್ದಾರೆ? ಇದರ ಒಳಗೆ. ನಾವೂ ಇದರ ಒಳಗೆ ಹೋಗುವ. ಪೇಜ್ ಮಾಡುವ, ರೀಲ್ ಹಾಕುವ, ಗೇಮ್ ಆಡಿಸಿ ಪಾಠ ಮಾಡುವ. ಇನ್ನು ಆ ಮನೆ ಮನೆ ಭೇಟಿ ಬೇಡ. ಬೇಡ್ಲಿಕ್ಕೆ ಹೋದ ಹಾಗೆ ಕಾಣ್ತದೆ, ಶಾಲೆಯ ಬೆಲೆ ಕಡಿಮೆ ಆಗ್ತದೆ."

"ಭೇಟಿಯೂ ಇರಲಿ ಸರ್, ಜೊತೆಗೆ ಇದೂ ಇರಲಿ," ಎಂದೆ.

"ನೀವು ಸ್ವಲ್ಪ ಹಳೇ ಕಾಲದವರು ಮಾಷ್ಟ್ರೇ," ಎಂದರು ಸಂಚಾಲಕರು. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು.

ತರಬೇತಿ

ಮೊದಲು ನಮ್ಮನ್ನು ಬೆಳ್ತಂಗಡಿಗೆ ತರಬೇತಿಗೆ ಕಳಿಸಿದರು. ವಿಷಯ: ಮೊಬೈಲ್ ಆಟಗಳ ಮೂಲಕ ಕಲಿಕೆ. ತರಬೇತಿ ಕೊಡಲು ಬಂದ ತರುಣ ಬಹಳ ಉತ್ಸಾಹಿ. ಆದರೆ ಆ ಸಭಾಂಗಣದೊಳಗೆ ನೆಟ್‌ವರ್ಕ್ ಇರಲಿಲ್ಲ. ಹಾಗಾಗಿ ಅವನು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಮೊಬೈಲಿನ ಚಿತ್ರ ಬರೆದ. "ಈಗ ಇಲ್ಲಿ ಒತ್ತುತ್ತೀರಿ. ಒತ್ತಿದ ಮೇಲೆ ಇಲ್ಲಿ ಹಸಿರು ಬರ್ತದೆ. ಆಗ ಒಂದು ಮ್ಯೂಸಿಕ್ ಕೇಳ್ತದೆ," ಎಂದ. ಮ್ಯೂಸಿಕ್ಕನ್ನು ಬಾಯಲ್ಲಿ ಹೇಳಿಯೂ ತೋರಿಸಿದ.

ಹಿಂದಿನ ಸಾಲಿನಲ್ಲಿ ಒಬ್ಬರು ಕಿಟಕಿಯ ಹತ್ತಿರ ಸ್ವಲ್ಪ ರೇಂಜ್ ಸಿಕ್ಕಿತೆಂದು ಮೊಬೈಲ್ ತೆಗೆದು ಆ ಆಟವನ್ನು ಹುಡುಕಲು ಹೊರಟರು. ಉಸ್ತುವಾರಿಗೆ ಬಂದಿದ್ದ ಅಧಿಕಾರಿ ಅಲ್ಲಿಂದಲೇ ಗದರಿದರು: "ತರಬೇತಿಯ ಹೊತ್ತಿನಲ್ಲಿ ಮೊಬೈಲ್ ಒಳಗಿಡಿ. ನೀವೇ ಹೀಗೆ ಮಾಡಿದರೆ ಮಕ್ಕಳು ಏನು ಕಲಿಯುವುದು?"

ಮೊದಲ ಸ್ಥಾನ

ಶಾಲೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವಂತಿಲ್ಲ. ಆದ್ದರಿಂದ ಆಟ ರಾತ್ರಿ ಎಂಟೂವರೆಗೆ, ಅವರವರ ಮನೆಯಲ್ಲಿ. ನಾನು ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕುತ್ತೇನೆ, ಪ್ರಶ್ನೆ ಒಂದೊಂದಾಗಿ ಬರುತ್ತದೆ, ಬೇಗ ಒತ್ತಿದವನಿಗೆ ಹೆಚ್ಚು ಪಾಯಿಂಟು. ಮೊದಲ ಸಲ ನದಿಗಳ ಪಾಠ ಇಟ್ಟೆ. ಒಂಬತ್ತನೆಯ ಒಬ್ಬ ಹುಡುಗ ಎಲ್ಲರನ್ನೂ ಹಿಂದೆ ಹಾಕಿದ. ಇವನು ಕ್ಲಾಸಿನಲ್ಲಿ ನೇತ್ರಾವತಿ ಯಾವ ಸಮುದ್ರಕ್ಕೆ ಸೇರುತ್ತದೆ ಎಂದು ಕೇಳಿದರೆ ಕಿಟಕಿಯ ಹೊರಗೆ ನೋಡುವವನು. ಎರಡನೇ ಸಲವೂ ಅವನೇ, ಮೂರನೇ ಸಲವೂ ಅವನೇ. ಸಂಚಾಲಕರು ಅವನ ಫೋಟೊ ಪೇಜಿಗೆ ಹಾಕಿಸಿದರು. ನನಗೆ ಕೂಡ ಒಳಗೊಳಗೆ ಸಂತೋಷವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ವಾರ ಸೌದಿಯಿಂದ ಅವನ ತಂದೆಯ ಫೋನ್ ಬಂತು.

"ಮಾಷ್ಟ್ರೇ, ಅವನಿಗೆ ಬೈಬೇಡಿ. ಆಡಿದ್ದು ನಾನು."

"ನೀವಾ?"

"ಹೌದು ಮಾಷ್ಟ್ರೇ. ಲಿಂಕ್ ಅವ ನನಗೆ ಕಳಿಸ್ತಾನೆ. ಡ್ಯೂಟಿ ಮುಗಿಸಿ ರೂಮಿಗೆ ಬಂದು ನಾವು ಆರು ಜನ ಸೇರಿ ಆಡ್ತೇವೆ. ನಾನು ಎಂಟನೆಯಲ್ಲಿ ಶಾಲೆ ಬಿಟ್ಟವ, ಈಗ ಎಲ್ಲ ಗೊತ್ತಾಗ್ತಾ ಉಂಟು. ಆ ಕಾವೇರಿಯದ್ದು ಒಂದು ತಪ್ಪಿತಲ್ಲ, ಅದು ನಮ್ಮ ರೂಮಿನ ಅಡುಗೆಯವ ಮಧ್ಯೆ ಬಾಯಿ ಹಾಕಿದ್ದು. ಅವನನ್ನು ಈಗ ಸೇರಿಸಿಕೊಳ್ಳುವುದಿಲ್ಲ."

ಇಡೀ ಜಿಲ್ಲೆಯಲ್ಲಿ ಆ ಆಟದಿಂದ ನಿಜವಾಗಿ ಪಾಠ ಕಲಿತವರು ಅವರೊಬ್ಬರೇ ಇರಬೇಕು. "ಮುಂದಿನ ವಾರ ಪರ್ವತಗಳು, ಸ್ವಲ್ಪ ಓದಿಕೊಂಡು ಬನ್ನಿ," ಎಂದೆ.

ವಿಷಯವನ್ನು ಸಂಚಾಲಕರಿಗೆ ತಿಳಿಸಿದೆ. ಅವರು ಕೇಳಿದ್ದು ಒಂದೇ:

"ಅವರಿಗೆ ಏಳನೆಯಲ್ಲಿ ಮಕ್ಕಳು ಯಾರಾದರೂ ಇದ್ದಾರಾ?"

"ಸಣ್ಣ ಮಗಳು ಇದ್ದಾಳೆ ಸರ್. ಹಳದಿ ಬಸ್ಸಿನಲ್ಲಿ ಹೋಗ್ತಾಳೆ."

ರಿಕ್ಷಾದಲ್ಲಿ ಹೋಂವರ್ಕ್

ಇನ್ನೊಬ್ಬ ಹುಡುಗನ ಮನೆಯಲ್ಲಿ ಮೊಬೈಲ್ ಇದ್ದದ್ದು ತಂದೆಯ ಹತ್ತಿರ ಮಾತ್ರ, ತಂದೆ ರಿಕ್ಷಾ ಓಡಿಸುವವರು. ಆಟದ ಹೊತ್ತಿಗೆ ಬಾಡಿಗೆ ಬಂದರೆ ಇವನೂ ಅಪ್ಪನ ಪಕ್ಕ ಕೂತು ಹೊರಡುತ್ತಿದ್ದ. ಒಂದು ದಿನ ಐದಕ್ಕೆ ನಾಲ್ಕು ತಪ್ಪು. ಮರುದಿನ ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳಿದೆ.

"ಸರ್, ಅದು ನಾನಲ್ಲ. ಪ್ಯಾಸೆಂಜರ್ ಹೇಳಿಕೊಟ್ಟದ್ದು."

"ಯಾರೋ ದಾರಿಹೋಕರು ಹೇಳಿದ್ದನ್ನು ನೀನು ಯಾಕೆ ಒತ್ತಿದ್ದು ಮಾರಾಯಾ?"

"ನಾನು ಬೇರೆ ಒತ್ತಲಿಕ್ಕೆ ಹೋದೆ ಸರ್. ಅವರು ಬಿಡಲಿಲ್ಲ. ಅವರು ರಿಟೈರ್ಡ್ ಸಮಾಜ ಮಾಷ್ಟ್ರಂತೆ."

ಇಂಗ್ಲಿಷ್ ಪೇಜ್

ಕನ್ನಡ ಶಾಲೆಗೆ ಮಕ್ಕಳನ್ನು ಕರೆಯಲು ಮಾಡಿದ ಪೇಜಿನಲ್ಲಿ ಕನ್ನಡ ಇರಕೂಡದು ಎಂಬುದು ಸಂಚಾಲಕರ ತೀರ್ಮಾನವಾಗಿತ್ತು. "ಇಂಗ್ಲಿಷಿನಲ್ಲಿ ಬರೆದರೆ ಒಳ್ಳೆಯ ಕಡೆಯವರು ನೋಡ್ತಾರೆ," ಎಂದರು. ಒಳ್ಳೆಯ ಕಡೆ ಯಾವುದೆಂದು ನಾನು ಕೇಳಲಿಲ್ಲ. ನಮ್ಮ ಇಂಗ್ಲಿಷ್ ಟೀಚರ್ ಪಾಪ ನಿಘಂಟು ಹಿಡಿದು ಕೂತು ಬರೆದರು. ಬಿಸಿಯೂಟದ ಸಾಂಬಾರಿನ ಬಗ್ಗೆ ಅವರು ಬರೆದ ಸಾಲು ಓದಿದರೂ ಅದು ದೊಡ್ಡ ಹೋಟೆಲಿನದ್ದು ಎಂದು ಅನಿಸಬೇಕು.

ಒಂದು ಮಧ್ಯಾಹ್ನ ಕಾರೊಂದು ಗುಡ್ಡೆ ಹತ್ತಿ ಬಂತು. ಗಂಡ, ಹೆಂಡತಿ, ಮಗ. ಉಜಿರೆಯಿಂದ ಬಂದವರು, ಈ ಕಡೆಗೆ ಮನೆ ಬದಲಾಯಿಸುವವರಿದ್ದರು. ಹೆಡ್ ಟೀಚರ್ ಓಡಿಹೋಗಿ ಫ್ಯಾನ್ ಹಾಕಿದರು. ನಾನು ಅರ್ಜಿ ತಂದೆ. ಪೇಜ್ ನೋಡಿ ಬಂದದ್ದೆಂದು ತಿಳಿದು ನನ್ನ ಮುಖ ಸಣ್ಣದಾಯಿತು. ಸಂಚಾಲಕರು ಹೇಳಿದ್ದೇ ಸರಿಯಾಯಿತಲ್ಲ ಎಂದು.

ಆ ಅಮ್ಮ ಅರ್ಜಿ ಓದಿ ನಿಲ್ಲಿಸಿದರು. "ಇದರಲ್ಲಿ ಕನ್ನಡ ಮೀಡಿಯಂ ಅಂತ ಉಂಟಲ್ಲ?"

"ಹೌದು, ನಮ್ಮದು ಕನ್ನಡ ಮಾಧ್ಯಮ."

"ಮತ್ತೆ ಇಂಗ್ಲಿಷಿನಲ್ಲಿ ಇಷ್ಟು ಚೆಂದ ಬರೆಯುವುದು ಯಾರು?"

"ನಮ್ಮ ಟೀಚರೇ."

"ಅವರು ಪಾಠ ಮಾಡುವುದಿಲ್ಲವಾ?"

ಹೆಡ್ ಟೀಚರ್ ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಬಂದವರು ಎದ್ದಾಗಿತ್ತು. ಗಂಡ ಮರ್ಯಾದಸ್ಥ, ಬಾಗಿಲಿನಿಂದ ತಿರುಗಿ ಬಂದು ನನ್ನ ಕೈ ಹಿಡಿದುಕೊಂಡರು. "ಬೇಸರ ಮಾಡಬೇಡಿ ಸರ್. ಆದರೆ ಆ ಪೇಜ್ ಮಾತ್ರ ನಿಲ್ಲಿಸಬೇಡಿ ಆಯ್ತಾ? ನಮ್ಮ ಹುಡುಗನ ಇಂಗ್ಲಿಷ್ ಅದರಲ್ಲೇ ಸುಧಾರಿಸಿದ್ದು."

ಕೈ ಎತ್ತುವುದು

ರೀಲಿನ ವಿಷಯಕ್ಕೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಣ್ಣಿನ ಸವೆತದ ಪಾಠವನ್ನು ಅಂಗಳದಲ್ಲಿ ಮಾಡಿ ವಿಡಿಯೊ ತೆಗೆಯಬೇಕೆಂದು ಅಪ್ಪಣೆಯಾಯಿತು. ಹೆಡ್ ಟೀಚರ್ ಮೊಬೈಲ್ ಹಿಡಿದರು. ನಾನು ಒಂದು ಪ್ರಶ್ನೆ ಕೇಳಬೇಕು, ಮಕ್ಕಳೆಲ್ಲ ಒಟ್ಟಿಗೆ ಕೈ ಎತ್ತಬೇಕು. ಮೊದಲ ಸಲ ನಾಯಿ ಅಡ್ಡ ಬಂತು. ಎರಡನೇ ಸಲ ಒಬ್ಬ ಎಡಗೈ ಎತ್ತಿದ. ಹೀಗೆ ಒಂದೇ ಪ್ರಶ್ನೆಯನ್ನು ಕೇಳಿ ಕೇಳಿ ನನಗೇ ಉತ್ತರ ಮರೆತುಹೋಯಿತು. ಪಾಠ ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಕೊನೆಗೆ ಸರಿಯಾಗಿ ಬಂತು. ಮಕ್ಕಳು ಕೈ ಇಳಿಸಿದರು. ಒಬ್ಬ ಹುಡುಗಿ ಇಳಿಸಲಿಲ್ಲ.

"ಮುಗಿಯಿತು ಮಗಾ, ಕೈ ಕೆಳಗೆ ಹಾಕು," ಎಂದರು ಹೆಡ್ ಟೀಚರ್.

"ಟೀಚರ್, ನನಗೆ ನಿಜವಾಗಿ ಡೌಟು ಉಂಟು."

"ಅದನ್ನು ನಾಳೆ ಕೇಳು. ಈಗ ಬೆಳಕು ಹೋಗ್ತದೆ, ಇನ್ನೊಂದು ತೆಗೆಯಬೇಕು."

ಮರುದಿನ ನಾನಾಗಿಯೇ ಅವಳನ್ನು ಕರೆದು ಕೇಳಿದೆ. ಏನೆಂದು ಅವಳಿಗೆ ಮರೆತುಹೋಗಿತ್ತು. ಇಪ್ಪತ್ತಾರು ವರ್ಷ ಪಾಠ ಮಾಡಿದವನಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಆಗಿಲ್ಲ. ವಿಡಿಯೊದ ಕೊನೆಯಲ್ಲಿ ಅವಳ ಆ ಎತ್ತಿದ ಕೈ ಕತ್ತರಿಸದೆ ಹಾಗೆಯೇ ಉಳಿದಿತ್ತು. ಸಂಚಾಲಕರು ನೋಡಿ ಬಹಳ ಮೆಚ್ಚಿಕೊಂಡರು. "ಉಳಿದವರದ್ದೆಲ್ಲ ಸಾಧಾರಣ. ಆ ಕೊನೆಯ ಹುಡುಗಿಯ ಆ್ಯಕ್ಟಿಂಗ್ ಉಂಟಲ್ಲ, ಅದು ನಿಜವಾದ ಹಾಗೇ ಕಾಣ್ತದೆ."

ಒಂದು ಸೀಟು

ಪೇಜಿಗೆ ಜನ ಸೇರುತ್ತಲೇ ಹೋದರು. ಏಪ್ರಿಲ್ ಬಂತು, ನಾವು ಯಾರ ಮನೆಗೂ ಹೋಗಲಿಲ್ಲ. ಜೂನ್ ಬಂತು. ಎಂಟನೆಗೆ ಬಂದ ಮಕ್ಕಳು ಒಂದೇ ಬೆಂಚಿನಲ್ಲಿ ಹಿಡಿಯುವಷ್ಟು. ಮೇಲಿನವರು ಮಾತಿಗೆ ತಪ್ಪಲಿಲ್ಲ, ಎಂಟನೇ ತೆರೆಯುವುದು ಬೇಡ ಎಂದು ಆದೇಶ ಬಂತು. ಬಂದವರಿಗೆ ಬೇರೆ ಶಾಲೆ ನೋಡಿಕೊಟ್ಟೆವು. ಬೋರ್ಡು ಒರೆಸಿ, ಕಿಟಕಿ ಹಾಕಿ ಬಂದವನು ನಾನೇ.

ಅದಾದ ವಾರಕ್ಕೆ ಗುಡ್ಡೆಯ ಕೆಳಗಿನ ಮನೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು, ಕೊಡೆ ಹಿಡಿದುಕೊಂಡು ಬಂದರು. ಬೀಡಿ ಕಟ್ಟುವವರು. ಹಿಂದಿನ ವರ್ಷಗಳಲ್ಲೆಲ್ಲ ಏಪ್ರಿಲ್ ಭೇಟಿಯಲ್ಲಿ ಅವರ ಜಗಲಿಯಲ್ಲಿ ಕೂತವನು ನಾನು.

"ಮಾಷ್ಟ್ರೇ, ನಿಮ್ಮ ಹತ್ತಿರ ಹೇಳಿದರೆ ಆಗ್ತದಾ ಅಂತ ಬಂದೆ," ಎಂದು ದನಿ ತಗ್ಗಿಸಿದರು. "ಇವಳಿಗೆ ಎಂಟನೆಗೆ ಒಂದು ಸೀಟು ಬೇಕಿತ್ತು."

"ಈ ವರ್ಷ ಸೀಟು ಕೊಡ್ಲಿಕ್ಕೆ ಆಗುವುದಿಲ್ಲಮ್ಮ."

"ಗೊತ್ತುಂಟು. ತುಂಬಿರ್ತದೆ. ಮೊಬೈಲಿನಲ್ಲಿ ನೋಡ್ತೇವಲ್ಲ, ಈಗ ನಿಮ್ಮ ಶಾಲೆ ಎಲ್ಲಿಗೋ ಹೋಗಿದೆ. ಎಲ್ಲ ಇಂಗ್ಲಿಷಿನಲ್ಲಿ. ಡೊನೇಷನ್ ಕೂಡ ಉಂಟಾ ಏನು?"

ನಾನು ಅವರನ್ನು ಎಂಟನೇ ಕ್ಲಾಸಿಗೆ ಕರೆದುಕೊಂಡು ಹೋಗಿ ಬಾಗಿಲು ತೆರೆದೆ. ಅವರು ಬೆಂಚುಗಳನ್ನು ನೋಡಿದರು.

"ಇಷ್ಟೆಲ್ಲ ಖಾಲಿ ಉಂಟಲ್ಲ ಮಾಷ್ಟ್ರೇ?"

"ಖಾಲಿ ಇರುವುದಕ್ಕೇ ಸೀಟಿಲ್ಲ," ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಅರ್ಥವಾಗಲಿಲ್ಲ.

"ನೀವು ಪ್ರತಿ ವರ್ಷ ಬರ್ತಿದ್ದಿರಿ," ಎಂದರು ಅವರು. "ಈ ವರ್ಷ ಬರ್ತೀರಿ ಅಂತ ಬೆಲ್ಲ ತಂದಿಟ್ಟಿದ್ದೆ. ಬರಲಿಲ್ಲ. ಹಾಗಾದರೆ ಸೀಟು ತುಂಬಿತು, ಇನ್ನು ನಮ್ಮಂಥವರು ಬೇಡ ಅಂತ ಎಣಿಸಿದೆವು. ನಮ್ಮ ಸಾಲಿನ ಮನೆಯವರೆಲ್ಲ ಹಾಗೆ ಎಣಿಸಿಯೇ ಮಕ್ಕಳನ್ನು ಬಸ್ಸಿಗೆ ಹಾಕಿದ್ದು. ಕರೆಯದೆ ಬರುವುದು ಹೇಗೆ?"

ಅವರ ಸಾಲಿನ ಮನೆಗಳು ನನಗೆ ಗೊತ್ತು. ಆ ಮಕ್ಕಳಷ್ಟೇ ಬಂದಿದ್ದರೂ ಎಂಟನೇ ಉಳಿಯುತ್ತಿತ್ತು. ಒಂದು ಮಧ್ಯಾಹ್ನದ ಬಿಸಿಲು, ನಾಲ್ಕು ಲೋಟ ಬೆಲ್ಲ ನೀರು, ಅಷ್ಟೇ ಖರ್ಚು.

ಆಗ ಸಂಚಾಲಕರ ಕಾರು ಬಂತು. ಸೀಟು ಕೇಳಿಕೊಂಡು ಬಂದಿದ್ದಾರೆ ಎಂದು ತಿಳಿದದ್ದೇ ತಡ, ಅವರ ಮುಖ ಅರಳಿತು, ಮೊಬೈಲ್ ಹೊರಗೆ ಬಂತು.

"ಅಮ್ಮಾ, ನೀವು ಈಗ ಮಾಷ್ಟ್ರ ಹತ್ತಿರ ಕೇಳಿದಿರಲ್ಲ, ಅದನ್ನೇ ಇನ್ನೊಂದು ಸಲ ಇದರ ಎದುರು ಕೇಳಿ."

ಪಾಪ, ಹಾಗೆ ಕೇಳಿದರೆ ಸಿಗುತ್ತದೆ ಎಂದುಕೊಂಡರು ಅವರು. ಕೊಡೆ ಮಡಚಿ ಮಗಳ ಕೈಗೆ ಕೊಟ್ಟು, ಸೆರಗು ಸರಿ ಮಾಡಿ, ಕೈ ಮುಗಿದು ಹೇಳಿದರು: "ನನ್ನ ಮಗಳಿಗೆ ಈ ಶಾಲೆಯಲ್ಲಿ ಒಂದು ಸೀಟು ಕೊಡಿ."

"ಫಸ್ಟ್ ಕ್ಲಾಸ್!" ಎಂದರು ಸಂಚಾಲಕರು.

ಇಳಿಯುವ ದಾರಿಯಲ್ಲಿ ಆ ತಾಯಿ ನನ್ನನ್ನು ಕೇಳಿದರು, "ಸರಿಯಾಗಿ ಕೇಳಿದೆನಾ ಮಾಷ್ಟ್ರೇ? ಸಿಗಬಹುದಾ?"

"ನೀವು ಸರಿಯಾಗಿಯೇ ಕೇಳಿದಿರಿ," ಎಂದೆ. "ಕೇಳ್ಲಿಕ್ಕೆ ಬರಬೇಕಾಗಿದ್ದವರು ನಾವು."

ಆ ವಿಡಿಯೊಗೆ ಬಿದ್ದಷ್ಟು ಲೈಕು ನಮ್ಮ ಪೇಜಿನಲ್ಲಿ ಇನ್ನೊಂದಕ್ಕೆ ಬಿದ್ದಿಲ್ಲ. ಕನ್ನಡ ಶಾಲೆಯ ಸೀಟಿಗೆ ಜನ ಕೈ ಮುಗಿಯುತ್ತಿದ್ದಾರೆಂದು ಎಲ್ಲಿಯವರೋ ಹೆಮ್ಮೆಪಟ್ಟುಕೊಂಡರು. ಕೆಳಗೆ ಸೌದಿಯಿಂದ ನಮ್ಮ ಮೊದಲ ಸ್ಥಾನದವರೂ ಒಂದು ಸಾಲು ಬರೆದಿದ್ದರು:

"ಮಾಷ್ಟ್ರೇ, ಇಷ್ಟು ರಶ್ ಉಂಟು ಅಂತ ಮೊದಲೇ ಹೇಳಿದ್ದರೆ ಸಣ್ಣವಳನ್ನೂ ಅಲ್ಲಿಗೇ ಹಾಕ್ತಿದ್ದೆ."